ಬಲಗೈಯಲ್ಲಿ ತೆಗೆದುಕೊಂಡ ಚೀಟಿ

ಮಾಳಮಡ್ಡಿ, ಧಾರವಾಡ
ತಾ. ೨-೬-೧೯೩೬

ತೀರ್ಥರೂಪ ಬಾಳಕೃಷ್ಣ ಕಾಕಾ ಅವರಿಗೆ ಸುಹಾಸಿನಿಯ ನಮಸ್ಕಾರಗಳು. ಇತ್ತ ಅಪ್ಪ, ಅವ್ವ, ನಾನು ಮೂವರೂ ಕ್ಷೇಮ.

ಪುಣೆಯಲ್ಲಿ ಕಾಗದ ಸಿಗುವುದು ನಿಂತುಹೋಯಿತೇ ಕಾಕಾ? ಯುಗಾದಿಗೆ ಬಂದದ್ದೇ ನಿಮ್ಮ ಕೊನೆಯ ಪತ್ರ. ಅವ್ವ ದಿನಾ ಟಪಾಲಿನವನ ಸಪ್ಪಳ ಕೇಳಿ ಬಾಗಿಲಿಗೆ ಬರುತ್ತಾಳೆ. "ನಮ್ಮ ಬಾಳೂಂದು ಏನರೆ ಅದ ಏನಪಾ?" ಎಂದು ಕೇಳಿ, ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋಗುತ್ತಾಳೆ. ಈ ಪಾಪ ನಿಮಗೆ ತಟ್ಟದೆ ಬಿಡುವುದಿಲ್ಲ.

ಆದರೆ ಇವತ್ತು ಜಗಳಕ್ಕೆ ಬರೆಯುತ್ತಿಲ್ಲ, ಕೆಲಸಕ್ಕೆ ಬರೆಯುತ್ತಿದ್ದೇನೆ. ಮೂವತ್ತು ವರ್ಷ ಪುಣೆಯ ವಕೀಲರ ಕಚೇರಿಯಲ್ಲಿ ಹೆಡ್‌ಕ್ಲಾರ್ಕ್ ಆಗಿದ್ದವರು ನಮ್ಮ ಮನೆತನದಲ್ಲಿ ನೀವೊಬ್ಬರೇ.

ನಮಗೆ ಬೆಣ್ಣೆ ತರುವ ಕೆಲಗೇರಿಯ ಸಂಗವ್ವ ನಿಮಗೆ ನೆನಪಿರಬೇಕು. ನಾನು ಸಣ್ಣವಳಿದ್ದಾಗ ದಿನಾ ಒಂದು ಉಂಡೆ ಬೆಣ್ಣೆ ನನ್ನ ಅಂಗೈಗೆ ಹಾಕಿಯೇ ಮುಂದೆ ಹೋಗುತ್ತಿದ್ದಳು. ಅವಳ ಗಂಡ ಮಡಿವಾಳಪ್ಪ ಹುಬ್ಬಳ್ಳಿಯ ಒಂದು ಹತ್ತಿ ಗಿರಣಿಯಲ್ಲಿ ಹನ್ನೊಂದು ವರ್ಷ ದುಡಿದವನು. ಈ ಸಂಕ್ರಾಂತಿಯ ಮರುದಿನ, ಜನವರಿ ಹದಿನೈದಕ್ಕೆ, ಹತ್ತಿ ಬಿಡಿಸುವ ಯಂತ್ರ ಅವನ ಬಲಗೈಯನ್ನು ಎಳೆದುಕೊಂಡಿತು. ಕೈ ಉಳಿಯಿತು, ಐದೂ ಬೆರಳು ಉಳಿದವು. ಆದರೆ ಒಂದು ಬೆರಳೂ ಮಡಚುವುದಿಲ್ಲ. ಕೊಟ್ಟಿಗೆಯ ಗೋಡೆಗೆ ಒತ್ತಿದ ಹಸ್ತದ ಗುರುತಿನ ಹಾಗೆ ಚಪ್ಪಟೆಯಾಗಿ ನಿಂತಿವೆ.

ಪರಿಹಾರ ಕೇಳಿದ್ದಕ್ಕೆ ಗಿರಣಿಯವರು ತಮ್ಮ ಡಾಕ್ಟರರ ಹತ್ತಿರ ಕಳಿಸಿದರು. ಅವರ ವರದಿ ಬಂದಿದೆ. ಏನೆಂದು ಬರೆದಿದ್ದಾರೆ ಗೊತ್ತೇ? "ಕೈ ಬಾರದೆಂದು ಈತ ನಟಿಸುತ್ತಾನೆ. ನಾನು ಔಷಧದ ಚೀಟಿ ಕೊಟ್ಟಾಗ ಅದನ್ನು ಬಲಗೈಯಿಂದಲೇ ತೆಗೆದುಕೊಂಡನು." ಅಷ್ಟೇ. ಗಿರಣಿಯವರು ಅರ್ಜಿಯನ್ನು ತಿರಸ್ಕರಿಸಿ, ಕೆಲಸಕ್ಕೆ ಬಾ ಅಂದರು. ಹೋದ. ಹಿಡಿದದ್ದೆಲ್ಲ ಕೈಯಿಂದ ಬಿತ್ತು. ಮನೆಗೆ ಕಳಿಸಿದರು.

ನಾನು ಕೇಳಿದೆ, "ಖರೇನ ಬಲಗೈಲೆ ತೊಗೊಂಡ್ಯೇನೋ ಮಡಿವಾಳಪ್ಪ?"

"ಹೌದ್ರಿ ಅಕ್ಕಾರ. ಎರಡ ಬೆರಳಿನ ಸಂದ್ಯಾಗ ಸಿಗಸಿಕೊಂಡು, ಕೆಳಗ ಎಡಗೈ ಆನಿಸಿ ತೊಗೊಂಡೆ. ಬಾಳ ಬ್ಯಾನಿ ಆತ್ರಿ."

"ಮತ್ತ ಎಡಗೈಲೆ ತೊಗೋಬೇಕಿಲ್ಲ?"

ಅವನು ನನ್ನ ಮುಖವನ್ನೇ ನೋಡಿದ. "ಡಾಕ್ಟರ ಸಾಹೇಬ್ರು ಹಿರ್ಯಾರಲ್ರಿ. ಹಿರ್ಯಾರ ಕೈಯಾಗಿಂದು ಎಡಗೈಲೆ ಹೆಂಗ ತೊಗೊಳ್ಳಿ?"

ಸಂಗವ್ವನಿಗೆ ಇರುವುದು ಒಂದೇ ಎಮ್ಮೆ, ಅದೂ ಮುದಿ. ಪರಿಹಾರ ಸಿಕ್ಕರೆ ಇನ್ನೆರಡು ಎಮ್ಮೆ ಕಟ್ಟಿ ಊರಲ್ಲೇ ಬದುಕುತ್ತಾರೆ. ಸಿಗದಿದ್ದರೆ ಗರಗದಲ್ಲಿ ಅವಳ ಅಣ್ಣನ ಮನೆಗೆ ಹೋಗಿ, ಅವನು ಹಾಕಿದ್ದನ್ನು ಉಣ್ಣಬೇಕು. ಅದಕ್ಕಿಂತ ಮಡಿವಾಳಪ್ಪನಿಗೆ ಹತ್ತಿದ ಉರಿಯೇ ಬೇರೆ. "ಸುಳ್ಳ ಅಂತ ಬರದಾರಲ್ರಿ ಅಕ್ಕಾರ. ಹನ್ನೊಂದ ವರ್ಷದಾಗ ಒಂದ ದಿನ ಸುಳ್ಳ ಹೇಳಿ ರಜಾ ತೊಗೊಂಡಾಂವಲ್ಲ ನಾ," ಅನ್ನುತ್ತಾನೆ. ಇದರ ಮೇಲೆ ಅಪೀಲು ಮಾಡಲು ಬರುತ್ತದೆಯೇ? ಕೂಡಲೇ ಬರೆಯಿರಿ.

ನಿಮ್ಮ ಸುಹಾಸಿನಿ

◆

ಪುಣೆ
ತಾ. ೧೯-೬-೧೯೩೬

ಚಿ. ಸುಹಾಸಿನಿಗೆ ಕಾಕಾನ ಆಶೀರ್ವಾದ. ನಾನು ಕ್ಷೇಮ.

ತಡವಾಯಿತು. ಅಕ್ಷರ ನೋಡಿ ನಗಬೇಡ. ಲೇಖನಿಗೆ ಹೊಸ ಟಾಕು ತಂದೆ, ದರಿದ್ರದ್ದು, ಹೇಳಿದ ಮಾತು ಕೇಳುವುದಿಲ್ಲ.

ಆ ಡಾಕ್ಟರ ದೊಡ್ಡ ಕತ್ತೆ. ಇದನ್ನು ಅರ್ಜಿಯಲ್ಲಿ ಬರೆಯಬೇಡ.

ಈಗ ಲಕ್ಷ್ಯಗೊಟ್ಟು ಓದು. ಕೆಲಸಗಾರರ ಪರಿಹಾರಕ್ಕೆಂದು ಕಾಯಿದೆ ಆಗಿ ಹದಿಮೂರು ವರ್ಷವಾಯಿತು. ಗಿರಣಿಯವರು ಒಲ್ಲೆ ಅಂದರೆ ಕಮಿಷನರರ ಮುಂದೆ ಹೋಗಬಹುದು. ನಿಮ್ಮ ಧಾರವಾಡದ ಕೋರ್ಟಿನಲ್ಲೇ ಕೂಡುತ್ತಾರೆ. ಆದರೆ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಬೀಳಬೇಕು. ಅಂದರೆ ಜುಲೈ ಹದಿನೈದು. ಒಂದು ದಿನ ದಾಟಿದರೂ ಎಲ್ಲ ಮುಗಿಯಿತು.

ಸರಕಾರಿ ದವಾಖಾನೆಯ ಡಾಕ್ಟರರಿಂದ ಬೇರೆ ದಾಖಲೆ ತೆಗೆದುಕೊಳ್ಳಿ. ಕೈ ಮೈಮೇಲೆ ಇದ್ದೂ ಕೆಲಸಕ್ಕೆ ಬಾರದಿದ್ದರೆ ಅದು ಹೋದ ಕೈಗೆ ಸಮ ಎಂದು ಕಾಯಿದೆಯೇ ಹೇಳುತ್ತದೆ. ಈ ಮಾತನ್ನು ಅರ್ಜಿಯಲ್ಲಿ ಮೊದಲು ಹಾಕಿರಿ.

ಮತ್ತೆ, ಅವನಿಗೆ ಎಡಗೈ ಕಲಿಸಿರಿ. ಇವತ್ತಿನಿಂದ ಯಾರು ಏನು ಕೊಟ್ಟರೂ ಎಡಗೈಯಿಂದಲೇ ತೆಗೆದುಕೊಳ್ಳಲಿ. ಗಿರಣಿಯ ವಕೀಲ ಕೋರ್ಟಿನಲ್ಲಿ ಏನಾದರೂ ಚಾಚಿಯೇ ಚಾಚುತ್ತಾನೆ. ಅಲ್ಲಿ ಬಲಗೈ ಮುಂದೆ ಬಂದರೆ ಸತ್ತಿರಿ.

ಕೈ ದಣಿಯಿತು. ಅರ್ಜಿದಾರ ಬರೆದುಕೊಟ್ಟರೆ, ಕಮಿಷನರರು ಒಪ್ಪಿದರೆ, ವಕೀಲನಲ್ಲದವನೂ ಅವನ ಪರ ಮಾತಾಡಬಹುದು. ಆದರೂ ವಕೀಲನನ್ನೇ ಹಿಡಿಯಿರಿ.

ಬಾಳಕೃಷ್ಣ

◆

ಮಾಳಮಡ್ಡಿ, ಧಾರವಾಡ
ತಾ. ೨೪-೬-೧೯೩೬

ತೀ. ಕಾಕಾ ಅವರಿಗೆ ನಮಸ್ಕಾರ. ಇತ್ತ ಎಲ್ಲರೂ ಕ್ಷೇಮ.

ಹದಿನೇಳು ದಿನ ಕಾಯಿಸಿ ಒಂದೇ ಪುಟ ಬರೆದಿರಿ, ಅದೂ ಕೋಳಿ ಕೆದರಿದ ಅಂಗಳದ ಹಾಗೆ! ಅವ್ವ ಓದಲಿಕ್ಕಾಗದೆ ನನ್ನ ಕೈಗೆ ಕೊಟ್ಟಳು. "ಬಾಳೂನ ಅಕ್ಷರ ಮುತ್ತಿನ ಸರ ಇದ್ದಂಗ ಇರ್ತಿದ್ವು. ಸಿಟ್ಟಿಗೆದ್ದಾನೇನ?" ಅಂದಳು. ಬಡವರ ಜಗಳದಲ್ಲಿ ನಾನು ಮೂಗು ತೂರಿಸಿದ್ದು ನಿಮಗೆ ಸೇರಲಿಲ್ಲವೇ? ಹಾಗಿದ್ದರೆ ನೇರ ಹೇಳಿ. ಟಾಕಿನ ಮೇಲೆ ಹಾಕಬೇಡಿ.

ಅರ್ಜಿ ತಯಾರಾಗಿದೆ. ಸರಕಾರಿ ಡಾಕ್ಟರರು ಕೈಯನ್ನು ಅರ್ಧ ತಾಸು ನೋಡಿ, ಬೆರಳು ಇನ್ನು ಮಡಚಲಾರವು ಎಂದು ಚೊಕ್ಕ ಬರೆದುಕೊಟ್ಟರು. ಹೆಬ್ಬೆಟ್ಟು ಒತ್ತು ಅಂದರೆ ಮಡಿವಾಳಪ್ಪ ಕೇಳಲಿಲ್ಲ. "ಮೂರನೇ ಇಯತ್ತೆ ಪಾಸಾದಾಂವ ಅದೇನ್ರಿ ನಾ. ಸಹೀ ಮಾಡ್ತೇನಿ," ಎಂದು ಎಡಗೈಯಲ್ಲಿ ಬಳಪ ಹಿಡಿದು ನಾಲ್ಕು ದಿನದಿಂದ ತನ್ನ ಹೆಸರು ತಿದ್ದುತ್ತಿದ್ದಾನೆ. ನಿನ್ನೆ "ಮಡಿವಾಳ" ತನಕ ಬಂದಿದೆ. "ಪ್ಪ" ಇನ್ನೂ ಒಲ್ಲೆ ಅನ್ನುತ್ತಿದೆ.

ಎಡಗೈಯ ಸಾಲಿ ಮಾತ್ರ ಕೇಳಬೇಡಿ. ಕೆಲಗೇರಿ ಇಡೀ ಊರೇ ಅವನಿಗೆ ಮಾಸ್ತರಾಗಿದೆ. ದಾರಿಯಲ್ಲಿ ಕಂಡವರೆಲ್ಲ ಅಡಿಕೆಯೋ ಬೆಲ್ಲವೋ ಏನಾದರೂ ಚಾಚುತ್ತಾರೆ. ಇವನು ಮರೆತು ಬಲಗೈ ನೀಡುತ್ತಾನೆ, ಅವರು ಹೋ ಎಂದು ನಗುತ್ತಾರೆ. ತನಗಿಂತ ಸಣ್ಣವರಿಂದ ಎಡಗೈಯಲ್ಲಿ ತೆಗೆದುಕೊಳ್ಳುವುದು ಈಗ ಬಂದಿದೆ. ಸಂಗವ್ವನ ಕೈಯಿಂದ ರೊಟ್ಟಿಯನ್ನೂ ತೆಗೆದುಕೊಳ್ಳುತ್ತಾನೆ. ಆದರೆ ಹಿರಿಯರು ಯಾರಾದರೂ ಬಂದರೆ ಮುಗಿಯಿತು, ಆ ಬಡಪಾಯಿ ಬಲಗೈ ತಾನೇ ಎದ್ದು ಮುಂದೆ ಹೋಗುತ್ತದೆ. "ಕೈ ನನ್ನ ಮಾತ ಕೇಳೂದಿಲ್ರಿ ಅಕ್ಕಾರ," ಅನ್ನುತ್ತಾನೆ.

ವಕೀಲರು ಸಿಕ್ಕಿದ್ದಾರೆ. ಹೊಸಬರು, ಆದರೆ ಮನಸ್ಸಿಟ್ಟು ಓದುತ್ತಿದ್ದಾರೆ. ಅವರ ಕೆಲವು ಪ್ರಶ್ನೆಗಳನ್ನು ಬೇರೆ ಕಾಗದದಲ್ಲಿ ಬರೆದಿದ್ದೇನೆ. ಉತ್ತರ ಕೊಡಿ.

ಸುಹಾಸಿನಿ

◆

ಪುಣೆ
ತಾ. ೪-೭-೧೯೩೬

ಚಿ. ಸುಹಾಸಿನಿಗೆ ಆಶೀರ್ವಾದ. ನಾನು ಕ್ಷೇಮ.

ಸಿಟ್ಟೂ ಇಲ್ಲ, ಮಣ್ಣೂ ಇಲ್ಲ. ಮೇಜಿಗೆ ಗೆದ್ದಲು ಹತ್ತಿದೆ. ತೊಡೆಯ ಮೇಲೆ ಹಲಗೆ ಇಟ್ಟು ಬರೆಯುತ್ತೇನೆ. ನಿನ್ನ ಅವ್ವನಿಗೆ, ನಮ್ಮ ವೈನಿಗೆ, ಹಾಗೆಂದು ಹೇಳು.

ನಿನ್ನ ವಕೀಲನ ಪ್ರಶ್ನೆ ಓದಿದೆ. ತಲೆ ಇರುವ ಮನುಷ್ಯ. ಐದನೆಯ ಪ್ರಶ್ನೆ ನನಗೂ ಹೊಳೆದಿರಲಿಲ್ಲ. ಸ್ವಲ್ಪ ಸೊಕ್ಕು ಇದೆ, ಇರಲಿ, ವಕೀಲನಿಗೆ ಅದೂ ಬೇಕು. ಉತ್ತರ ಹಿಂದಿನ ಪುಟದಲ್ಲಿದೆ.

ಈಗ ನನ್ನ ಪ್ರಶ್ನೆ. ವಯಸ್ಸೆಷ್ಟು? ಮದುವೆಯಾಗಿದೆಯೇ? ಪ್ರತಿ ಸಾಲಿನಲ್ಲೂ "ವಕೀಲರು ಹೀಗೆ ಅಂದರು, ವಕೀಲರು ಹಾಗೆ ಕೇಳಿದರು" ಎಂದು ಬರೆಯುತ್ತೀ. ನಾನು ಮುದುಕನಾಗಿರಬಹುದು, ಕುರುಡನಲ್ಲ. ಸಾಲಿಯಲ್ಲಿ ಕಲಿಸುವ ಹುಡುಗಿಗೆ ವರ ಸಿಗುವುದಿಲ್ಲ ಎಂದು ನಿನ್ನಪ್ಪ ವೆಂಕಣ್ಣ ನನಗೆ ಹತ್ತು ಸಲ ಬರೆದಿದ್ದಾನೆ. ಗೋತ್ರ ಯಾವುದು ಕೇಳು. ಉಳಿದದ್ದನ್ನು ವೆಂಕಣ್ಣನಿಗೆ ನಾನು ಹೇಳುತ್ತೇನೆ.

ಮಡಿವಾಳಪ್ಪನಿಗೆ ಹೇಳು, ಕೈ ಮಾತು ಕೇಳುವುದಿಲ್ಲ ಎಂದು ಕೂಡಬಾರದು. ದಿನಾ ಅದರ ಜೊತೆ ಜಗಳಾಡಬೇಕು. ಮೊದಲ ಹತ್ತು ದಿನ ಅಳು ಬರುತ್ತದೆ. ಆಮೇಲೆ ನಗು ಬರುತ್ತದೆ.

ಬಾಳಕೃಷ್ಣ

◆

ಮಾಳಮಡ್ಡಿ, ಧಾರವಾಡ
ತಾ. ೧೧-೭-೧೯೩೬

ತೀ. ಕಾಕಾ ಅವರಿಗೆ ನಮಸ್ಕಾರ. ಎಲ್ಲರೂ ಕ್ಷೇಮ.

ಅರ್ಜಿ ನಿನ್ನೆ ಬಿತ್ತು. ಗಡುವಿಗೆ ಐದು ದಿನ ಮೊದಲೇ! "ಪ್ಪ" ಕೂಡ ಕೊನೆಗೆ ಒಲಿದು ಬಂತು. ಗುಮಾಸ್ತರು ಸಹಿ ನೋಡಿ, "ಇದೇನಪಾ, ಅಕ್ಷರೆಲ್ಲಾ ಗಾಳಿಗೆ ವಾಲ್ಯಾವಲ್ಲ," ಅಂದರು. "ನಿಂತಾವಲ್ರಿ ಸಾಹೇಬ್ರ, ಬಿದ್ದಿಲ್ಲಲ್ರಿ," ಅಂದ ನಮ್ಮ ಮಡಿವಾಳಪ್ಪ. ಆಗಸ್ಟ್ ಹನ್ನೆರಡಕ್ಕೆ ವಿಚಾರಣೆ.

ನಿಮ್ಮ ಅಳು-ನಗುವಿನ ಮಾತು ಹೇಳಿದೆ. ಅವನು ಕೇಳಿದ, "ನಿಮ್ಮ ಕಾಕಾರಿಗೆ ಇದೆಲ್ಲಾ ಹೆಂಗ ಗೊತ್ರಿ?" ವಕೀಲರ ಕಚೇರಿಯಲ್ಲಿ ಮೂವತ್ತು ವರ್ಷ ಕೂತವರಿಗೆ ಎಲ್ಲವೂ ಗೊತ್ತಿರುತ್ತದೆ ಅಂದೆ.

ಸಂಗವ್ವ ಮೊನ್ನೆ ಗಂಡನನ್ನು ಮಠದ ಅಜ್ಜನವರ ಹತ್ತಿರ ಎಳೆದುಕೊಂಡು ಹೋಗಿ ಫಿರ್ಯಾದಿ ಹೇಳಿದಳು. ಅವಳೇ ಬೆಣ್ಣೆ ಕೊಡುತ್ತ ನಮ್ಮ ಕಟ್ಟೆಯ ಮೇಲೆ ಕೂತು ನಡೆದದ್ದನ್ನೆಲ್ಲ ಹೇಳಿದಳು. ಅಜ್ಜನವರು ಕೇಳಿದರಂತೆ, "ಮಡಿವಾಳಾ, ಮುಂಜಾನೆ ಪೂಜಾದಾಗ ಲಿಂಗಯ್ಯನ್ನ ಎಲ್ಲಿ ಕುಂಡ್ರಸ್ತೀ?"

"ಎಡಗೈಯಾಗ್ರಿ ಅಜ್ಜಾ."

"ಶಿವ ಕುಂಡ್ರೂ ಜಾಗಾ ಹೊಲಸ ಆಕ್ಕತೇನೋ?"

ಅವನು ಆ ದಿನವೆಲ್ಲ ತನ್ನ ಎಡ ಅಂಗೈ ನೋಡುತ್ತ ಕೂತಿದ್ದನಂತೆ. ಮರುದಿನ ನಮ್ಮ ಮನೆಗೆ ಬಂದು, "ಅಕ್ಕಾರ, ದೇವ್ರು ಒಪ್ಪ್ಯಾನ. ಇನ್ನ ಈ ಬಲಗೈ ಒಪ್ಪಬೇಕಷ್ಟ," ಅಂದ. ಅವ್ವ ಪರೀಕ್ಷೆಗೆಂದು ಒಂದು ಲೋಟ ಮಜ್ಜಿಗೆ ಚಾಚಿದಳು. ಬಲಗೈ ಬಂತು, ಮಜ್ಜಿಗೆ ನೆಲಕ್ಕೆ ಹೋಯಿತು. ಅವ್ವ ಹಿರಿಯಳಲ್ಲವೇ!

ವಕೀಲರ ಗೋತ್ರ ಕೇಳಿದಿರಿ. ನಮ್ಮದೇ ಗೋತ್ರ ಕಾಕಾ. ಆ ಸಂಬಂಧದ ಆಸೆ ಬಿಟ್ಟುಬಿಡಿ. ಮದುವೆಯ ವಿಚಾರವೇ ಅವರಿಗೆ ಇಲ್ಲ.

ಸುಹಾಸಿನಿ

◆

(ಕಾರ್ಡು)

ಪುಣೆ, ತಾ. ೩೦-೭-೧೯೩೬

ಚಿ. ಸುಹಾಸಿನಿ, ನಾನು ಕ್ಷೇಮ. ಪಂಚಮಿಗೆ ನೀವು ಕಳಿಸಿದ ಉಂಡಿ ಮುಟ್ಟಿದವು. ಸಗೋತ್ರವೆಂದು ಕೇಳಿ ವ್ಯಸನವಾಯಿತು, ಒಳ್ಳೆಯ ಹುಡುಗ ಕೈತಪ್ಪಿದ. ಹನ್ನೆರಡಕ್ಕೆ ನನ್ನ ಜೀವವೆಲ್ಲ ಅಲ್ಲೇ ಇರುತ್ತದೆ. ಗೆದ್ದರೂ ಸೋತರೂ ಅದೇ ದಿನ ಬರೆ. ಬಾ.

◆

ಮಾಳಮಡ್ಡಿ, ಧಾರವಾಡ
ತಾ. ೧೨-೮-೧೯೩೬, ಸಂಜೆ

ತೀರ್ಥರೂಪ ಕಾಕಾ,

ಗೆದ್ದೆವು! ಗೆದ್ದೆವು! ನಮಸ್ಕಾರ, ಕ್ಷೇಮ ಎಲ್ಲ ಆಮೇಲೆ. ಗೆದ್ದೆವು!

ಅಡಿಗೆಮನೆಯಲ್ಲಿ ಅವ್ವ ಹೋಳಿಗೆಗೆ ಬೇಳೆ ಬೇಯಲಿಕ್ಕೆ ಹಾಕಿದ್ದಾಳೆ. ಸಂಗವ್ವ ಕಟ್ಟೆಯ ಮೇಲೆ ಕೂತು ಒಮ್ಮೆ ನಗುತ್ತಾಳೆ, ಒಮ್ಮೆ ಅಳುತ್ತಾಳೆ, ನಡುನಡುವೆ ಗಂಡನಿಗೆ ಬೈಯುತ್ತಾಳೆ.

ಮೊದಲು ನನ್ನ ತಪ್ಪೊಪ್ಪಿಗೆ. ಆ ವಕೀಲ ನಾನೇ. ಸಗೋತ್ರ ಎಂದದ್ದು ಸುಳ್ಳಲ್ಲ, ನೋಡಿ! ವಕೀಲನಲ್ಲದವರೂ ಮಾತಾಡಬಹುದು ಎಂದು ನೀವೇ ಬರೆದಿದ್ದಿರಿ. ಮಡಿವಾಳಪ್ಪ ನನ್ನ ಹೆಸರಿಗೆ ಬರೆದುಕೊಟ್ಟ. ನಿಮಗೆ ಹೇಳಿದರೆ ಬೇಡ ಅನ್ನುತ್ತೀರಿ ಎಂದು ಹೆದರಿ ಮುಚ್ಚಿಟ್ಟೆ. ಅಪ್ಪನಿಗೆ ತಿಳಿದಾಗ ನಾಲ್ಕು ದಿನ ನನ್ನ ಜೊತೆ ಮಾತು ಬಿಟ್ಟಿದ್ದರು. ಇವತ್ತು ಕೋರ್ಟಿನ ಹಿಂದಿನ ಬಾಕಿನ ಮೇಲೆ ರುಮಾಲು ಸುತ್ತಿಕೊಂಡು ಮೊದಲೇ ಬಂದು ಕೂತಿದ್ದರು!

ಕಮಿಷನರ ಸಾಹೇಬರು ನಮ್ಮ ಕಡೆಯವರೇ, ತಲೆ ನರೆತವರು, ಮಾತು ಕಡಿಮೆ. ನಾನು ಎದ್ದು ನಿಂತವಳು ಮೊದಲ ಕಾಗದವನ್ನೇ ತಲೆಕೆಳಗಾಗಿ ಹಿಡಿದೆ. "ಹೆದರಬ್ಯಾಡ್ರಿ ಬಾಯಾರ, ಸಾವಕಾಶ ಹೇಳ್ರಿ," ಅಂದರು. ನಾನು ನಿಮ್ಮ ಮಾತನ್ನೇ ಹೇಳಿದೆ. ಕೈ ಇದ್ದೂ ಬಾರದಿದ್ದರೆ ಅದು ಹೋದ ಕೈ. ಸರಕಾರಿ ಡಾಕ್ಟರರ ದಾಖಲೆ ಮುಂದಿಟ್ಟೆ. ಹಿರಿಯರಿಂದ ಎಡಗೈಯಲ್ಲಿ ತೆಗೆದುಕೊಳ್ಳುವ ರಿವಾಜು ನಮ್ಮಲ್ಲಿಲ್ಲ ಎಂದೂ ಹೇಳಿದೆ.

ಗಿರಣಿಯ ವಕೀಲರು ಹಳೆಯ ಹುಲಿ. ಜರಿಯ ರುಮಾಲು, ಬಲಗೈ ತುಂಬ ಕಾಗದಗಳು. ಅವರು ಎದ್ದು ಮಡಿವಾಳಪ್ಪನನ್ನು ಕೇಳಿದರು, "ಡಾಕ್ಟರರ ಚೀಟಿ ಬಲಗೈಲೆ ತೊಗೊಂಡದ್ದು ಖರೇ ಏನೋ?"

"ಖರೇರಿ."

"ಬ್ಯಾನಿ ಇತ್ತೇನು?"

"ಬಾಳ ಇತ್ರಿ."

"ಎಡಗೈ ನೆಟ್ಟಗ ಇತ್ತೇನು?"

"ಇತ್ರಿ."

ಅವರು ಸಾಹೇಬರ ಕಡೆ ತಿರುಗಿ ನಕ್ಕರು. "ನೋಡ್ರಿ ಸಾಹೇಬ್ರ. ಇಷ್ಟು ಬ್ಯಾನಿ ಇದ್ದಾಂವ ನೆಟ್ಟಗಿದ್ದ ಕೈ ಬಿಟ್ಟು ಮುರದ ಕೈ ಚಾಚ್ತಾನೇನ್ರಿ? ರೀತಿ ರಿವಾಜು ಅಂತ ಬಾಯಾರು ಕತಿ ಹೇಳ್ತಾರ. ಬ್ಯಾನಿ ಬಂದಾಗ ಯಾರಿಗೆ ರಿವಾಜು ನೆನಪಿರ್ತದರಿ? ಬೆರಳ ಬೇಕಂತ ಸೆಟಿಸಿ ಹಿಡದಾನ."

ಕಾಕಾ, ನಿಮ್ಮ ಉತ್ತರಗಳ ಪುಟವನ್ನು ತಿರುವಿ ತಿರುವಿ ಹುಡುಕಿದೆ. ಐದನೆಯ ಪ್ರಶ್ನೆಯಲ್ಲೂ ಇಲ್ಲ, ಆರನೆಯದರಲ್ಲೂ ಇಲ್ಲ.

ಸಾಹೇಬರು ತಮ್ಮ ಮೇಜಿನ ಮೇಲಿದ್ದ ಹಿತ್ತಾಳೆ ಲೋಟದ ನೀರನ್ನು ತಾವೇ ಎತ್ತಿ, "ತೊಗೋಪಾ, ನೀರ ಕುಡಿ," ಎಂದು ಮಡಿವಾಳಪ್ಪನಿಗೆ ಚಾಚಿದರು. ನಾನು ಕಣ್ಣು ಮುಚ್ಚಿದೆ. ಒಂದೂವರೆ ತಿಂಗಳು ಕೆಲಗೇರಿಯ ಊರೆಲ್ಲ ಕಲಿಸಿದ್ದು, ಅಜ್ಜನವರು ಹೇಳಿದ್ದು, ಎಲ್ಲ ಈಗ ನಿಲ್ಲಬೇಕಿತ್ತು. ಎಡಗೈ ಅರ್ಧ ಬಂತಂತೆ. ಆಮೇಲೆ ಅವನು ಸಾಹೇಬರ ಮುಖ ನೋಡಿದನಂತೆ, ನರೆತ ತಲೆ ನೋಡಿದನಂತೆ. ಹೋಯಿತು, ಬಲಗೈ ಮುಂದೆ ಬಂತು.

ಠಣ್ ಎಂದು ಸಪ್ಪಳ. ಕಣ್ಣು ತೆರೆದರೆ ನೀರೆಲ್ಲ ಮೇಜಿನ ಮೇಲೆ, ಕಾಗದದ ಮೇಲೆ, ಗಿರಣಿಯ ವಕೀಲರ ಕೋಟಿನ ಮೇಲೆ. ಮಡಿವಾಳಪ್ಪ ನಾಚಿಕೆಯಿಂದ ಕುಗ್ಗಿ, ಹೆಗಲ ಮೇಲಿನ ವಸ್ತ್ರ ತೆಗೆದು ವಕೀಲರ ಬೂಟು ಒರೆಸಲಿಕ್ಕೆ ಬಗ್ಗಿದ. ಆಗ ಮಾತ್ರ ಎಡಗೈಯಿಂದ.

"ನಾಟಕ್ರೀ ಸಾಹೇಬ್ರ!" ಎಂದು ವಕೀಲರು ಕೂಗಿದರು.

ಸಾಹೇಬರು ಮೇಜಿನ ಮೇಲೆ ತೊಯ್ದಿದ್ದ ಗಿರಣಿಯ ವರದಿಯನ್ನು ಎತ್ತಿ, ಒಮ್ಮೆ ಝಾಡಿಸಿ, "ತೊಗೊಳ್ರಿ, ನಿಮ್ಮ ಕಾಗದ," ಎಂದು ವಕೀಲರಿಗೆ ಚಾಚಿದರು. ವಕೀಲರ ಬಲಗೈಯಲ್ಲಿ ಕಾಗದಗಳ ಕಟ್ಟು ಇತ್ತಲ್ಲ? ಗಡಬಡಿಸಿ ಅಷ್ಟನ್ನೂ ಬಗಲಲ್ಲಿ ತುರುಕಿಕೊಂಡರು. ಕೆಲವು ಜಾರಿದವು, ಗದ್ದದ ಕೆಳಗೆ ಒತ್ತಿ ಹಿಡಿದರು. ಅದರಲ್ಲೇ ಅರ್ಧ ನೆಲಕ್ಕೆ ಬಿದ್ದವು. ಅಷ್ಟೆಲ್ಲ ಸರ್ಕಸ್ಸು ಮಾಡಿ ಬಲಗೈ ಖಾಲಿ ಮಾಡಿಕೊಂಡು, ಬಗ್ಗಿ, ಸಾಹೇಬರ ಕೈಯಿಂದ ಆ ಕಾಗದ ತೆಗೆದುಕೊಂಡರು.

ಸಾಹೇಬರು ಕಾಗದವನ್ನು ಬಿಡಲಿಲ್ಲ. ಆ ಕಡೆ ಅವರು ಹಿಡಿದಿದ್ದಾರೆ, ಈ ಕಡೆ ಇವರು.

"ವಕೀಲರ, ನಿಮ್ಮ ಎಡಗೈ ಖಾಲೀ ಇತ್ತಲ್ರಿ?"

ಹಿಂದಿನ ಬಾಕಿನಿಂದ ಮೊದಲ ನಗು ಬಂತು. ಯಾರದು ಅಂದುಕೊಂಡಿರಿ? ನಮ್ಮ ಅಪ್ಪನದು! ಅಲ್ಲಿಂದ ಕೋರ್ಟಿಗೆ ಕೋರ್ಟೇ ನಕ್ಕಿತು. ಬಾಗಿಲಲ್ಲಿ ನಿಂತಿದ್ದ ಪಟ್ಟೇವಾಲನೂ ಗೋಡೆಯ ಕಡೆ ಮುಖ ಮಾಡಿ ನಕ್ಕ. ಕೊನೆಗೆ ಆ ಹಳೆಯ ಹುಲಿಯೂ ನಕ್ಕುಬಿಟ್ಟರು ಕಾಕಾ. ಅದಕ್ಕೆ ಅವರ ಮೇಲಿನ ನನ್ನ ಸಿಟ್ಟು ಇಳಿಯಿತು. "ನನ್ನ ಕೈ ನನ್ನ ಕಕ್ಷಿದಾರನ ವಿರುದ್ಧ ಸಾಕ್ಷಿ ಹೇಳ್ತದರಿ," ಅಂದರು.

ಗಿರಣಿಯ ಡಾಕ್ಟರರ ವರದಿ ನಂಬತಕ್ಕದ್ದಲ್ಲ, ಅರ್ಜಿದಾರ ಸತ್ಯವಂತನು, ಪೂರ್ಣ ಪರಿಹಾರ ಕೊಡತಕ್ಕದ್ದು ಎಂದು ಹುಕುಮಾಯಿತು. "ಸತ್ಯವಂತನು" ಎಂಬ ಶಬ್ದವನ್ನು ಮಡಿವಾಳಪ್ಪ ನನ್ನಿಂದ ಮೂರು ಸಲ ಓದಿಸಿ ಕೇಳಿದ. ಎರಡು ಎಮ್ಮೆಗೆ ಸಾಕು. ಇನ್ನೂ ಉಳಿಯುತ್ತದೆ.

ನಿಮ್ಮ ವಕೀಲ,
ಸುಹಾಸಿನಿ

◆

ಮಾಳಮಡ್ಡಿ, ಧಾರವಾಡ
ತಾ. ೧೬-೮-೧೯೩೬

ಕಾಕಾ,

ಇವತ್ತು ಮಡಿವಾಳಪ್ಪ ನಿಮ್ಮ ಪತ್ರಗಳನ್ನು ಕಣ್ಣಿಗೆ ಒತ್ತಿಕೊಳ್ಳಬೇಕೆಂದು ಬಂದಿದ್ದ. "ಮಾರಿ ನೋಡಿಲ್ಲ, ಅಕ್ಷರನರೆ ನೋಡ್ತೇನ್ರಿ," ಅಂದ. ಮೂರನ್ನೂ ಕೊಟ್ಟೆ. ಬಹಳ ಹೊತ್ತು ನೋಡಿದ. ಆಮೇಲೆ ತನ್ನ ಎಡ ಅಂಗೈಯ ಅಂಚನ್ನು ನನಗೆ ತೋರಿಸಿದ. ಅಲ್ಲಿ ಮಸಿ ಹತ್ತಿತ್ತು.

"ಅಕ್ಕಾರ, ಎಡಗೈಲೆ ಬರದ್ರ ಕೈ ಹಸೀ ಮಸೀ ಮ್ಯಾಲೇ ಹೊಕ್ಕತಿ. ಇಲ್ನೋಡ್ರಿ, ಕಾಕಾರ ಸಾಲಿನ ತುಂಬ ಮಸಿ ಒರಸೇತಿ. ಅಕ್ಷರ ನನ್ನವು ವಾಲಿದ ಕಡೇನ ವಾಲ್ಯಾವು. ಇದು ಎಡಗೈ ಬರವಣಿಗಿರಿ."

ನಾನು ಟಾಕು ಅಂದುಕೊಂಡೆ, ಗೆದ್ದಲು ಅಂದುಕೊಂಡೆ, ಸಿಟ್ಟು ಅಂದುಕೊಂಡೆ. ಮೂರೂ ಪತ್ರದಲ್ಲಿ ಮೊದಲ ಮಾತು "ನಾನು ಕ್ಷೇಮ." ಖರೇ ಹೇಳಿ ಕಾಕಾ. ಅವ್ವನಿಗೆ ಇನ್ನೂ ಹೇಳಿಲ್ಲ.

ಸುಹಾಸಿನಿ

◆

ಪುಣೆ
ತಾ. ೨೧-೮-೧೯೩೬

ಚಿ. ಸುಹಾಸಿನಿಗೆ ಆಶೀರ್ವಾದ. ನಾನು ಕ್ಷೇಮವಿಲ್ಲ.

ಈ ಎರಡು ಶಬ್ದ ಬರೆಯಲು ಐದು ತಿಂಗಳು ಹಿಡಿಯಿತು, ನೋಡು.

ಯುಗಾದಿಯಾಗಿ ಹತ್ತನೆಯ ದಿನ, ಮುಂಜಾನೆ ಚಹಾದ ಬಟ್ಟಲು ಕೈಯಿಂದ ಜಾರಿತು. ಬಲಭಾಗಕ್ಕೆ ಲಕವಾ. ಪಕ್ಕದ ಮನೆಯ ರಮಾಕಾಂತ ಡಾಕ್ಟರನ್ನು ಕರೆತಂದ. ಕಾಲು ಸುಧಾರಿಸಿತು. ನಡೆಯುತ್ತೇನೆ. ಕೈ ಬರಲಿಲ್ಲ. ನಿಮಗೆ ತಿಳಿಸಬಾರದೆಂದು ರಮಾಕಾಂತನಿಂದ ಆಣೆ ತೆಗೆದುಕೊಂಡೆ.

ಯಾಕೆ ಎಂದು ಕೇಳುತ್ತೀ. ನಾಚಿಕೆ. ಮುತ್ತಿನಂಥ ಅಕ್ಷರದ ಬಾಳಕೃಷ್ಣ! ಎಡಗೈಯಲ್ಲಿ ಉಣ್ಣುವುದನ್ನು ಯಾರೂ ನೋಡಬಾರದೆಂದು ಬಾಗಿಲು ಹಾಕಿಕೊಂಡು ಉಂಡೆ. ಮುಂಜಿಗೆ ಕರೆದರೆ ಹೋಗಲಿಲ್ಲ. ದೇವರಿಗೆ ನೀರು ಬಿಡುವುದನ್ನೂ ನಿಲ್ಲಿಸಿದೆ. ಬಲವಲ್ಲದ ಕೈಯಿಂದ ಹೇಗೆ ಬಿಡಲಿ ಎಂದು. ಹೀಗೇ ಮುಗಿಯಲಿ ಅಂದುಕೊಂಡಿದ್ದೆ, ಇದನ್ನು ಓದಿ ಅಳಬೇಡ.

ಅಷ್ಟರಲ್ಲಿ ನಿನ್ನ ಪತ್ರ ಬಂತು. ಜುಲೈ ಹದಿನೈದರ ಗಡುವು ನನಗೆ ಗೊತ್ತಿತ್ತು, ನಿನಗೆ ಗೊತ್ತಿರಲಿಲ್ಲ. ಬೇರೆಯವರ ಕೈಯಲ್ಲಿ ಬರೆಸಿದರೆ ನಿಮಗೆ ತಿಳಿಯುತ್ತದೆ. ಬರೆಯದಿದ್ದರೆ ಆ ಮನುಷ್ಯನ ಅರ್ಜಿ ಸಾಯುತ್ತದೆ. ರಮಾಕಾಂತನಿಂದ ಒಂದು ಪಾಟಿ, ಬಳಪ ತರಿಸಿದೆ. ಹದಿನಾಲ್ಕು ದಿನ, ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ಅ ಆ ಇ ಈ ತಿದ್ದಿದೆ. ಮೊದಲ ಹತ್ತು ದಿನ ಅತ್ತೆ. ಹನ್ನೊಂದನೆಯ ದಿನ "ಕ" ನೋಡಿ ನನಗೇ ನಗು ಬಂತು, ಕರುವಿನ ಹಾಗೆ ಬಾಲ ಎತ್ತಿಕೊಂಡು ಓಡುತ್ತಿತ್ತು. ನೀನು ಬೈದ ಹದಿನೇಳು ದಿನ ಅವು.

ನಿನ್ನ ಹನ್ನೆರಡರ ಪತ್ರವನ್ನು ಓಣಿಯವರಿಗೆಲ್ಲ ಓದಿ ಹೇಳಿದೆ. ಆ ಹಳೆಯ ಹುಲಿಯ ಜಾಗಕ್ಕೆ ಬಂದಾಗ ನಗು ತಡೆಯಲಾರದೆ ರಮಾಕಾಂತನ ಚಹಾ ಮೂಗಿನಿಂದ ಬಂತು. ನಮ್ಮ ಮನೆಯ ಹುಡುಗಿ ಕೋರ್ಟಿನಲ್ಲಿ ನಿಂತಳು! ಬೇಡ ಅನ್ನುತ್ತಿದ್ದೆ, ಖರೇ. ಹೇಳದೇ ಮಾಡಿದ್ದು ಛಲೋ ಆಯಿತು. ಅವತ್ತು ಮಧ್ಯಾಹ್ನ ರಮಾಕಾಂತನನ್ನು ಊಟಕ್ಕೆ ಕೂರಿಸಿಕೊಂಡೆ. ಬಾಗಿಲು ಹಾಕಲಿಲ್ಲ.

ವೈನಿಗೆ ನೀನೇ ಹೇಳು. ನನಗೆ ಧೈರ್ಯವಿಲ್ಲ. ಅಲ್ಲಿಗೆ ಬರಬೇಕೆಂದು ಜೀವ ತುಡಿಯುತ್ತದೆ. ಆದರೆ ಸ್ಟೇಶನ್ನಿನಲ್ಲಿ ಧಾರವಾಡಕ್ಕೆ ಧಾರವಾಡವೇ ಇರುತ್ತದೆ, ಹಳೆಯ ಗೆಳೆಯರು ಕೈ ಚಾಚುತ್ತಾರೆ. ಟ್ರಂಕು ಎತ್ತಲಾರೆ. ನೋಡೋಣ.

ನಿನ್ನ ಕಾಕಾ

◆

ಮಾಳಮಡ್ಡಿ, ಧಾರವಾಡ
ತಾ. ೨-೯-೧೯೩೬

ತೀ. ಕಾಕಾ ಅವರಿಗೆ ನಮಸ್ಕಾರ.

ನೋಡೋಣ ಗೀಡೋಣ ಇಲ್ಲ. ಅವ್ವ ಒಂದು ದಿನ ಅತ್ತಳು, ಒಂದು ದಿನ ಬೈದಳು. ಮೂರನೆಯ ದಿನ ನಿಮ್ಮ ಕೋಣೆಯ ಗೋಡೆಗೆ ಸುಣ್ಣ ಹೊಡೆಸಿದಳು. "ಬಾಳೂಗ ಊಟಕ್ಕ ನನ್ನ ಎದುರಿಗೇ ಕೂಡಬೇಕಂತ ಬರಿ," ಎಂದಿದ್ದಾಳೆ. ಅಪ್ಪ ಇದೇ ಹದಿಮೂರರ ಗಾಡಿಗೆ ನಿಮ್ಮನ್ನು ಹತ್ತಿಸಲು ರಮಾಕಾಂತರಿಗೆ ಪತ್ರ ಹಾಕಿದ್ದಾರೆ.

ಎಮ್ಮೆಗಳು ಬಂದವು. ಶಾಂತ ಇರುವುದಕ್ಕೆ ಸಂಗವ್ವ ಕಮಿಷನರವ್ವ ಎಂದು ಹೆಸರಿಟ್ಟಿದ್ದಾಳೆ. ಒದೆಯುವುದರ ಹೆಸರು ವಕೀಲವ್ವ. ಯಾವ ವಕೀಲರೆಂದು ನಾನು ಕೇಳಲಿಲ್ಲ.

ಇದರ ಜೊತೆ ಇನ್ನೊಂದು ಕಾಗದ ಇದೆ. ಅವನೇ ಬರೆದದ್ದು. ಆರು ದಿನ ಹಿಡಿಯಿತು. ನಾನು ಒಂದು ಅಕ್ಷರವನ್ನೂ ತಿದ್ದಿಲ್ಲ.

ಸುಹಾಸಿನಿ

◆

ಕೆಲಗೇರಿ

ಕಾಕಾರಿಗೆ ಮಡಿವಾಳಪ್ಪನ ಶರಣು.

ನಾನು ಆರಾಮ ಇದ್ದೇನಿ. ಇದು ಖರೇ.

ನಿಮ್ಮ ಎಡಗೈ ಸುದ್ದಿ ಅಕ್ಕಾರು ಹೇಳಿದ್ರು. ನಾಚಬ್ಯಾಡ್ರಿ. ನಮ್ಮಲ್ಲೆ ಅದು ಲಿಂಗಯ್ಯನ ಗದ್ದಿಗಿ.

ಟೇಶನ್ನಿಗೆ ನಾ ಬರ್ತೇನಿ. ಯಾರರೆ ಕೈ ಚಾಚಿದ್ರ ಮೊದಲ ನಾ ಎಡಗೈ ಕೊಡ್ತೇನಿ. ಆಮ್ಯಾಲೆ ನೀವು ಕೊಡ್ರಿ. ಇಬ್ರು ಕೊಟ್ರ ರಿವಾಜ ಆಕ್ಕತಿ.

ಟ್ರಂಕಿನ ಚಿಂತಿ ಬ್ಯಾಡ. ಒಂದ ಕಡೆ ನೀವು ಹಿಡೀರಿ, ಒಂದ ಕಡೆ ನಾ ಹಿಡಿತೇನಿ. ಇಬ್ರೂ ಎಡಗೈಲೆ ಹಿಡದ್ರ ಒಬ್ರು ಹಿಮ್ಮುಖ ನಡೀಬೇಕಾಕ್ಕತಿ. ಸಂಗವ್ವನ ಜೋಡಿ ಎರಡ ದಿನ ಕೊಡಾ ಹಿಡದು ಮಾಡಿ ನೋಡೇನಿ.

ಹಿಮ್ಮುಖ ನಾ ನಡಿತೇನಿ. ನೀವು ಮುಂದ ನೋಡಿಕೋತ ಬರ್ರಿ.